ಚೋರ್ಲಾ ಘಟ್ಟ ಇಳಿದ ಸಂಕೇಶ್ವರಿ ಮೆಣಸಿನಕಾಯಿ

ಸಂಕೇಶ್ವರದಿಂದ 6 ಕಿಲೋಮೀಟರ್ ಆಚೆಗಿರುವ ನಮ್ಮ ಹೊಲದಲ್ಲಿ 4 ಎಕರೆ ಕಬ್ಬು, 30 ಗುಂಟೆ ಮೆಣಸಿನಕಾಯಿ ಇದೆ. ಕಬ್ಬು ಮನೆ ನಡೆಸುತ್ತದೆ. ಮೆಣಸಿನಕಾಯಿಯನ್ನು ಉಳಿಸಿಕೊಂಡಿರುವುದು ಅಜ್ಜನ ಕಾಲದಿಂದ ಬೀಜ ತಪ್ಪದೆ ಬಂದಿದೆ ಎಂಬ ಅಭಿಮಾನಕ್ಕೆ ಮತ್ತು ವರ್ಷದ ಖಾರವನ್ನು ಪೇಟೆಯಿಂದ ತರಬಾರದೆಂಬ ಅವ್ವನ ಹಟಕ್ಕೆ. ಸುಮಾರು ಗೇಣುದ್ದ ಬೆಳೆಯುವ, ತೆಳು ಸಿಪ್ಪೆಯ, ಒಣಗಿದಾಗ ಮೈಯೆಲ್ಲ ಸುಕ್ಕುಗಟ್ಟುವ ಈ ಕಾಯಿಗೆ ಊರಿನ ಹೆಸರೇ ಅಂಟಿಕೊಂಡು ಸಂಕೇಶ್ವರಿ ಎಂದಾಗಿದೆ. ಗಡಿಯಾಚೆ ಮಹಾರಾಷ್ಟ್ರದ ಗಡಹಿಂಗ್ಲಜದ ಮಾರುಕಟ್ಟೆಯಲ್ಲಿ ಜವಾರಿ ಎಂದು ಕರೆದು ಲಿಲಾವು ಮಾಡುತ್ತಾರೆ. ಈ ಮೆಣಸಿನಕಾಯಿಯ ಘಮ ಹೊತ್ತ ಒಂದು ಮದ್ಯವನ್ನು, ನಮ್ಮದೇ ಸೀಮೆಯ ಬೆಲ್ಲದಿಂದ, ಸಣ್ಣ ಪ್ರಮಾಣದಲ್ಲಿ, ಕಾನೂನಿನ ಒಳಗಿದ್ದುಕೊಂಡು ತಯಾರಿಸಬೇಕೆಂದು ನಾನು ಹೊರಟು ಈಗ ನಾಲ್ಕು ವರ್ಷವಾಯಿತು. ಎಲ್ಲಿಗೆ ಬಂದು ಮುಟ್ಟಿದ್ದೇನೆ ಎಂದು ಕೇಳುವವರು ಹೆಚ್ಚಾಗಿರುವುದರಿಂದ ಒಮ್ಮೆ ವಿವರವಾಗಿ ಬರೆದಿಡುತ್ತಿದ್ದೇನೆ.

ಡಿಸ್ಟಿಲರಿ ಎಂಬ ಶಬ್ದ ಬೆಳಗಾವಿ ಜಿಲ್ಲೆಯವರಿಗೆ ಹೊಸದಲ್ಲ. ಸಕ್ಕರೆ ಕಾರ್ಖಾನೆಗಳ ಮಗ್ಗುಲಲ್ಲಿ ನಿಂತ ಎತ್ತರದ ಉಕ್ಕಿನ ಗೋಪುರಗಳನ್ನು ನೋಡುತ್ತಲೇ ನಾವು ದೊಡ್ಡವರಾಗಿದ್ದೇವೆ. ಸಂಜೆಯ ಗಾಳಿಯಲ್ಲಿ ಬರುವ ಕಾಕಂಬಿಯ ಹುಳಿವಾಸನೆಯಿಂದಲೇ ಹಂಗಾಮು ಶುರುವಾಯಿತೆಂದು ಹೇಳಬಲ್ಲೆವು. ಅಲ್ಲಿ ದಿನಕ್ಕೆ ಸಾವಿರಾರು ಲೀಟರ್ ಮದ್ಯಸಾರ ತಯಾರಾಗುತ್ತದೆ, ಅದರಲ್ಲಿ ಬಹಳಷ್ಟು ಪೆಟ್ರೋಲಿಗೆ ಬೆರೆಯಲು ಹೋಗುತ್ತದೆ. ಆ ಗೋಪುರದ ಕೆಲಸವೇ ಕಾಕಂಬಿಯ ವಾಸನೆಯನ್ನೂ ರುಚಿಯನ್ನೂ ಕಳೆದು ಸಾರವನ್ನಷ್ಟೇ ಉಳಿಸುವುದು. ನಾನು ಹೇಳುತ್ತಿರುವ ಭಟ್ಟಿಯ ಕೆಲಸ ಇದಕ್ಕೆ ತೀರ ಬೇರೆ. 300 ಲೀಟರ್ ಹಿಡಿಯುವ ತಾಮ್ರದ ಹಂಡೆ, ಒಂದು ಸಲಕ್ಕೆ ಒಂದೇ ಹಂಡೆಯ ಸರಕು, ಮತ್ತು ಹಂಡೆಗೆ ಹಾಕಿದ ಪದಾರ್ಥದ ಘಮವನ್ನು ಬೇಕೆಂದೇ ಆವಿಯ ಜೊತೆಗೆ ಕರೆತರುವ ಕೈಚಳಕ. ತಾಮ್ರವನ್ನೇ ಬಳಸುವುದಕ್ಕೂ ಕಾರಣವಿದೆ: ಹುಳಿಯುವಾಗ ಹುಟ್ಟುವ ಗಂಧಕದ ಕೆಟ್ಟ ವಾಸನೆಗಳನ್ನು ತಾಮ್ರ ತನ್ನ ಮೈಗೆ ಹಿಡಿದುಕೊಳ್ಳುತ್ತದೆ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು 2004ರಲ್ಲಿ ಮೊದಲು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿಯೇ ಮಾರಾಟಕ್ಕಿಟ್ಟ ಸಂಗತಿಯನ್ನು ನಾನು ಹಿಂದೆಯೇ ಓದಿದ್ದೆ. ಅದೇ ಸಂಸ್ಥೆ ಬೆಲ್ಲದಿಂದ ರಮ್ ತಯಾರಿಸಿ ಅದಕ್ಕೆ ಬೆಲ್ಲ ಎಂಬ ಕನ್ನಡದ ಹೆಸರನ್ನೇ ಇಟ್ಟಾಗ ನನಗೆ ನಿಜವಾಗಿ ಧೈರ್ಯ ಬಂತು.

ಕಾನೂನಿನ ಮಾತನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ವಿಷಯ ಕೇಳಿದ ನೆಂಟರಲ್ಲಿ ಅರ್ಧದಷ್ಟು ಜನ ಹಿತ್ತಲಲ್ಲಿಯೇ ಒಂದು ಹಂಡೆ ಇಟ್ಟು ನೋಡಬಾರದೇಕೆ ಎಂದು ಕೇಳಿದ್ದಾರೆ. ನೋಡಬಾರದು. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ಇಳಿಸುವುದು ಜೈಲುಶಿಕ್ಷೆ ಇರುವ ಅಪರಾಧ, ಅದು ಮಾರಾಟಕ್ಕಿರಲಿ, ಮನೆಬಳಕೆಗಿರಲಿ, ಒಂದು ಲೋಟವಿರಲಿ. ಡಿಸ್ಟಿಲರಿಗೆ ಪರವಾನಗಿ ಪಡೆಯುವ ದಾರಿ 1967ರ ನಿಯಮಗಳಲ್ಲಿದೆ. ಆದರೆ ಆ ನಿಯಮಗಳು ದೊಡ್ಡ ಕಾರ್ಖಾನೆಗಳನ್ನು ಕಣ್ಣಮುಂದೆ ಇಟ್ಟುಕೊಂಡು ರಚಿಸಿದವು. ಅಬಕಾರಿ ಅಧಿಕಾರಿಯ ಮೇಲ್ವಿಚಾರಣೆ, ಬೀಗ ಹಾಕಿದ ಉಗ್ರಾಣ, ಲೀಟರ್ ಲೀಟರಿಗೂ ಲೆಕ್ಕ, ಇವೆಲ್ಲವೂ ಸರಿಯಾದವೇ, ಆದರೆ ದಿನಕ್ಕೆ 30,000 ಲೀಟರ್ ತೆಗೆಯುವವನಿಗೆ ಹಗುರವಾಗುವ ಖರ್ಚು 300 ಲೀಟರಿನ ಹಂಡೆಯವನ ಬೆನ್ನು ಮುರಿಯುತ್ತದೆ. ಮದ್ಯದ ವಿಷಯ ಸಂವಿಧಾನದ ರಾಜ್ಯಪಟ್ಟಿಯಲ್ಲಿ ಇರುವುದರಿಂದ ಒಂದೊಂದು ರಾಜ್ಯದ ಕಟ್ಟಳೆ ಒಂದೊಂದು ಬಗೆ. ನಮ್ಮ ಪಕ್ಕದ ಗೋವೆಯಲ್ಲಿ ಗೇರುಹಣ್ಣಿನ ರಸದಿಂದ ಫೆನಿ ಇಳಿಸುವ ಸಣ್ಣ ಭಟ್ಟಿಗಳು ತಲೆಮಾರುಗಳಿಂದ ಪರವಾನಗಿಯ ಮೇಲೆಯೇ ನಡೆದುಬಂದಿವೆ. ಫೆನಿಗೆ 2009ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, 2016ರಲ್ಲಿ ಅಲ್ಲಿಯ ಸರಕಾರ ಅದನ್ನು ಪರಂಪರೆಯ ಪೇಯವೆಂದು ಮಾನ್ಯ ಮಾಡಿತು. ಸಣ್ಣ ಹಂಡೆಯ ಮೇಲೆ ನಂಬಿಕೆ ಇರುವ ನೆಲ ಅದು. ಹಾಗಾಗಿ ನಮ್ಮದು ಇಂದಿಗೂ ಸ್ವಂತ ಭಟ್ಟಿಯಲ್ಲ: ಘಟ್ಟದ ಕೆಳಗೆ ಸತ್ತರಿ ತಾಲೂಕಿನಲ್ಲಿ ಪರವಾನಗಿ ಇರುವ ಒಂದು ಸಣ್ಣ ಡಿಸ್ಟಿಲರಿಯವರೊಡನೆ ಕರಾರು ಮಾಡಿಕೊಂಡು, ಬೆಲ್ಲ ಮತ್ತು ಮೆಣಸಿನಕಾಯಿ ನಮ್ಮದು, ಹಂಡೆ ಮತ್ತು ಪರವಾನಗಿ ಅವರದು ಎಂಬ ಒಪ್ಪಂದದ ಮೇಲೆ ಕೆಲಸ ನಡೆದಿದೆ.

ಸರಕಾರದ ಒಪ್ಪಿಗೆಗಿಂತ ಮನೆಯ ಒಪ್ಪಿಗೆ ಕಷ್ಟದ್ದಾಗಿತ್ತು. ನಮ್ಮದು ವಿಭೂತಿ ಹಚ್ಚದೆ ಉಣ್ಣಲು ಕೂಡದ ಮನೆ. ಅದಕ್ಕೂ ಮಿಗಿಲಾಗಿ, ನಮ್ಮ ದೊಡ್ಡಪ್ಪ ಸಾರಾಯಿಗೆ ಬಿದ್ದು ನಲವತ್ತೆಂಟನೆಯ ವಯಸ್ಸಿಗೆ ತೀರಿಕೊಂಡವರು. ನದಿಯ ಕಡೆಯ 2 ಎಕರೆ ಹೊಲ ಅವರ ಸಾಲಕ್ಕೆ ಹೋಯಿತು, ಇವತ್ತಿಗೂ ಆ ಬದುವಿನ ಮೇಲೆ ನಡೆಯುವಾಗ ಅವ್ವ ಆ ಕಡೆಗೆ ಮುಖ ತಿರುಗಿಸುವುದಿಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧವಾದಾಗ ಅವ್ವ ದೇವರಿಗೆ ದೀಪ ಹಚ್ಚಿದ್ದು ನನಗೆ ಚೆನ್ನಾಗಿ ನೆನಪಿದೆ. ಮರುವರ್ಷದ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರ ಮತ್ತು ತಮಿಳುನಾಡಿನ ಗಡಿಭಾಗದಲ್ಲಿ ವಿಷಪೂರಿತ ಕಳ್ಳಭಟ್ಟಿ ಕುಡಿದು ನೂರಕ್ಕೂ ಹೆಚ್ಚು ಜನ ಸತ್ತಾಗ, ಇದು ಅಂಗಡಿ ಮುಚ್ಚಿದರೆ ಮುಗಿಯುವ ರೋಗವಲ್ಲವೆಂದು ಆಕೆಯೇ ಹೇಳಿದ್ದಳು. ನಾನು ನನ್ನ ಯೋಜನೆ ತಿಳಿಸಿದ ದಿನ ಆಕೆ ರೊಟ್ಟಿ ಬಡಿಯುವ ಕೈ ನಿಲ್ಲಿಸದೆ ಒಂದೇ ಮಾತು ಕೇಳಿದಳು: “ನಿಮ್ಮ ದೊಡ್ಡಪ್ಪ ಎರಡ ಎಕರೆ ಕುಡದ ಹ್ವಾದ. ಮರತೀಯೇನು?”

ಮರೆತಿರಲಿಲ್ಲ, ಮರೆಯುವುದೂ ಇಲ್ಲ. ಆಕೆ ಹಾಕಿದ ಎರಡು ಷರತ್ತುಗಳನ್ನು ಒಪ್ಪಿಕೊಂಡೇ ನಾನು ಮುಂದೆ ಹೋದೆ. ಬಾಟಲಿಯ ಮೇಲೆ ನಮ್ಮ ಮನೆತನದ ಹೆಸರಾಗಲಿ, ಹೊಲದ ಹೆಸರಾಗಲಿ ಬರಬಾರದು. ನಮ್ಮ ಊರಿನಲ್ಲಿ ಒಂದು ಹನಿಯೂ ಮಾರಾಟವಾಗಬಾರದು. ಎರಡನ್ನೂ ಕರಾರುಪತ್ರದಲ್ಲಿಯೇ ಬರೆಸಿದ್ದೇನೆ.

ಸಂಕೇಶ್ವರದಿಂದ ಬೆಳಗಾವಿ, ಅಲ್ಲಿಂದ ಜಾಂಬೋಟಿ, ಮಲಪ್ರಭೆ ಹುಟ್ಟುವ ಕಣಕುಂಬಿ, ಆಮೇಲೆ ಚೋರ್ಲಾ ಘಟ್ಟ. ಬೆಲ್ಲದ ಪೆಂಟೆ ಮತ್ತು ಮೆಣಸಿನಕಾಯಿಯ ಚೀಲಗಳನ್ನು ಹೇರಿಕೊಂಡು ಈ ದಾರಿಯಲ್ಲಿ ಮೊದಲ ಸಲ ಇಳಿಯುವಾಗ ನನ್ನ ಮನಸ್ಸಿನಲ್ಲಿ ಒಂದೇ ವಿಚಾರ ಸುಳಿಯುತ್ತಿತ್ತು. ಮೆಣಸಿನಕಾಯಿ ನಮ್ಮ ನೆಲದ ಗಿಡವಲ್ಲ. ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನಲ್ಲಿ ಹದಿನಾರನೆಯ ಶತಮಾನದಲ್ಲಿ ಗೋವೆಯ ತೀರಕ್ಕೆ ಬಂದು, ಘಟ್ಟ ಹತ್ತಿ ನಮ್ಮ ಒಲೆಯವರೆಗೆ ತಲುಪಿದ್ದು. ಅಲ್ಲಿಯವರೆಗೆ ನಮ್ಮ ಅಡುಗೆಗೆ ಖಾರ ಕೊಡುತ್ತಿದ್ದ ಮೆಣಸಿನ ಹೆಸರನ್ನೇ ಈ ಹೊಸ ಕಾಯಿಗೆ ಕೊಟ್ಟು ನಾವು ಮೆಣಸಿನಕಾಯಿ ಎಂದು ಕರೆದೆವು. ಹತ್ತಿ ಬಂದ ದಾರಿಯಲ್ಲಿಯೇ ಅದು ನಮ್ಮ ಗುರುತನ್ನು ಹೊತ್ತು ಇಳಿಯುತ್ತಿದೆ ಎನಿಸಿ ನನಗೆ ತುಂಬ ಸಂತೋಷವಾಗಿತ್ತು.

ಆ ಸಂತೋಷ ಹತ್ತು ದಿನವೂ ಉಳಿಯಲಿಲ್ಲ. 2023ರ ಫೆಬ್ರುವರಿಯಲ್ಲಿ ನಾವು 180 ಕೆ.ಜಿ. ಬೆಲ್ಲವನ್ನು ನೀರಿನಲ್ಲಿ ಕರಗಿಸಿ 1,000 ಲೀಟರ್ ಮಾಡಿ, ಯೀಸ್ಟ್ ಹಾಕಿ ಆರು ದಿನ ಹುಳಿಯಿಸಿದೆವು. ಮೊದಲ ದಿನ ನೊರೆ ಟ್ಯಾಂಕಿನ ಬಾಯಿಗೆ ಬಂದು, ನಾಲ್ಕನೆಯ ದಿನ ಇಳಿದು, ಆರನೆಯ ದಿನ ಮೇಲ್ಮೈ ನಿಶ್ಚಲವಾಯಿತು; ಆಗ ಅದರಲ್ಲಿ ಶೇ. 9ರಷ್ಟು ಮದ್ಯಸಾರವಿತ್ತು. ಅದನ್ನು ಹಂಡೆ ಹಂಡೆಯಾಗಿ ಒಮ್ಮೆ ಇಳಿಸಿ, ಬಂದದ್ದನ್ನೆಲ್ಲ ಕೂಡಿಸಿ, ಎರಡನೆಯ ಸಲ ಇಳಿಸುವಾಗ 5 ಕೆ.ಜಿ. ಒಣ ಮೆಣಸಿನಕಾಯಿಯನ್ನು ತೊಟ್ಟು ಮುರಿದು ನೇರವಾಗಿ ಹಂಡೆಯೊಳಗೆ ಹಾಕಿದೆ. ಮೂಗಿಗೆ ಚುಚ್ಚುವ ಮೊದಲ ಧಾರೆಯನ್ನು ಬೇರೆ ತೆಗೆದು ಚೆಲ್ಲಿದೆವು. ನಡುವಿನ ಧಾರೆ ಬರತೊಡಗಿದಾಗ ಭಟ್ಟಿಯ ಯಜಮಾನರು ಒಂದಿಷ್ಟನ್ನು ನೀರು ಬೆರೆಸಿ ನನ್ನ ಕೈಗೆ ಕೊಟ್ಟರು. ಖಾರಕ್ಕೆ ಸಿದ್ಧನಾಗಿ, ಹೆದರುತ್ತಲೇ ನಾಲಿಗೆಗೆ ಹಚ್ಚಿದೆ. ಬೆಲ್ಲದ ನಯವಿತ್ತು. ಬೆಂದ ತರಕಾರಿಯಂಥ ಒಂದು ಮಂಕು ವಾಸನೆಯಿತ್ತು. ಖಾರ ಮಾತ್ರ ಎಳ್ಳಷ್ಟೂ ಇರಲಿಲ್ಲ.

ಮೆಣಸಿನಕಾಯಿ ಹಳೆಯದಿರಬೇಕು ಎಂದು ಯಜಮಾನರು ಹೇಳಿದರು. ನಮ್ಮ ಬೀಜವೇ ಸತ್ವ ಕಳೆದುಕೊಂಡಿತೇನೋ ಎಂದು ನಾನು ಒಳಗೊಳಗೇ ಕುಸಿದೆ. ಖಾರ ಎಲ್ಲಿ ಹೋಗಿತ್ತು ಎಂಬುದು ಮರುದಿನ ಹಂಡೆ ತೊಳೆಯುವಾಗ ಗೊತ್ತಾಯಿತು. ತಳದಲ್ಲಿ ಉಳಿದಿದ್ದ ಕಂದು ದ್ರವವನ್ನು ಬಸಿದು ಬಿಸಿನೀರು ಚಿಮ್ಮಿಸಿದ್ದೇ ತಡ, ಅಲ್ಲಿದ್ದ ನಾಲ್ವರೂ ಕೆಮ್ಮುತ್ತ, ಕಣ್ಣೀರು ಸುರಿಸುತ್ತ ಹೊರಗೆ ಓಡಿ ಬಂದೆವು. ಕೈಗವಸಿಲ್ಲದೆ ತಳ ಉಜ್ಜಿದ ಹುಡುಗನ ಕೈಗಳು ರಾತ್ರಿಯಿಡೀ ಉರಿದವು. ನೀರಿನಲ್ಲಿ ಎಷ್ಟು ತೊಳೆದರೂ ಉರಿ ಇಳಿಯದೆ, ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿ, ಮತ್ತೆ ಹಚ್ಚಿ ಒರೆಸಿದ ಮೇಲೆಯೇ ಶಾಂತವಾಯಿತು. ಆ ತಪ್ಪು ನನ್ನದು. ಕೈಗವಸು, ಕನ್ನಡಕ ಮತ್ತು ತಣ್ಣೀರಿನಿಂದಲೇ ಮೊದಲ ತೊಳೆತ ಎಂಬ ನಿಯಮವನ್ನು ಅಂದಿನಿಂದ ಗೋಡೆಯ ಮೇಲೆ ಬರೆದು ಹಚ್ಚಿದ್ದೇವೆ.

ಊರಿಗೆ ಬಂದು ಇದನ್ನು ಹೆಂಡತಿಯ ಮುಂದೆ ಹೇಳುತ್ತಿದ್ದೆ. ಅವ್ವ ಒಲೆಯ ಮುಂದೆ ಕೂತಿದ್ದಳು, ಈ ವಿಷಯದಲ್ಲಿ ನನ್ನೊಡನೆ ಮಾತು ಬಿಟ್ಟವಳು, ಅಂದು ಬೇಳೆಯ ಸಾರು ಕುದಿಯುತ್ತಿರುವುದನ್ನು ನೋಡುತ್ತಲೇ ಹೇಳಿದಳು: “ಒಗ್ಗರಣ್ಯಾಗ ಸುಟ್ಟರ ಘಾಟ ಬರ್ತೈತಿ. ಸಾರಿನ್ಯಾಗ ಕುದಿಸಿದರ ಬರೇ ವಾಸನಿ ಬರ್ತೈತಿ. ಹಬಿ ಖಾರ ಹೊತಗೊಂಡ ಹೋಗೂದಿಲ್ಲ, ಇಷ್ಟ ಗೊತ್ತಿಲ್ಲೇನು ನಿನಗ?”

ಗೊತ್ತಿರಲಿಲ್ಲ. ನಾಲ್ವತ್ತು ವರ್ಷ ಅದೇ ಅಡುಗೆಮನೆಯಲ್ಲಿ ಉಂಡಿದ್ದರೂ ಲಕ್ಷ್ಯವಿಟ್ಟು ನೋಡಿರಲಿಲ್ಲ. ಆಮೇಲೆ ಓದಿಕೊಂಡಾಗ ಪುಸ್ತಕದ ಲೆಕ್ಕವೂ ಅದನ್ನೇ ಹೇಳಿತು. ಮದ್ಯಸಾರ ಕುದಿಯುವುದು 78.3 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀರು 100ರಲ್ಲಿ. ಮೆಣಸಿನಕಾಯಿಗೆ ಖಾರ ಕೊಡುವ ಕ್ಯಾಪ್ಸೈಸಿನ್ ಎಂಬ ಭಾರವಾದ ವಸ್ತು ಈ ಶಾಖಕ್ಕೆ ಕರಗುತ್ತದೆಯೇ ಹೊರತು ಆವಿಯಾಗಿ ಮೇಲೇಳುವುದಿಲ್ಲ. ಒಗ್ಗರಣೆಯ ಎಣ್ಣೆಯ ಶಾಖ ಅದಕ್ಕಿಂತ ಎಷ್ಟೋ ಹೆಚ್ಚು, ಮೇಲಾಗಿ ಕಾಯಿ ಅಲ್ಲಿ ಸುಟ್ಟು ಹೊಗೆಯಾಗುತ್ತದೆ. ಆ ಹೊಗೆಯ ಕಣಗಳ ಮೇಲೆ ಖಾರ ಸವಾರಿ ಮಾಡುತ್ತದೆ, ಅದನ್ನೇ ನಾವು ಘಾಟು ಎನ್ನುತ್ತೇವೆ. ಘಮ ಕೊಡುವ ವಸ್ತುಗಳು ಇದಕ್ಕೆ ಬೇರೆ, ಹಗುರವಾದವು, ಆವಿಯೊಡನೆ ಸಲೀಸಾಗಿ ನಡೆಯುವಂಥವು. ಅಂದರೆ ನಾನು ಒಂದೇ ಎಂದುಕೊಂಡಿದ್ದ ಮೆಣಸಿನಕಾಯಿ ಹಂಡೆಯ ಮಟ್ಟಿಗೆ ಎರಡು: ಮೇಲೆ ಹೋಗುವ ಘಮ ಮತ್ತು ಕೆಳಗೆ ಉಳಿಯುವ ಖಾರ. ಮೆಣಸಿನಕಾಯಿಯ ಮದ್ಯ ಮಾಡುವವನು ಇವೆರಡನ್ನೂ ಬೇರೆ ಬೇರೆ ದಾರಿಯಲ್ಲಿ ಕರೆತಂದು, ಎಷ್ಟಕ್ಕೆ ಎಷ್ಟು ಎಂದು ನಿರ್ಧರಿಸಿ, ಕೊನೆಯಲ್ಲಿ ಕೂಡಿಸಬೇಕು. ನಮ್ಮ ಇಡೀ ಕಸುಬು ಈಗ ಈ ಒಂದು ತಿಳಿವಳಿಕೆಯ ಮೇಲೆ ನಿಂತಿದೆ.

ಬೇರೆ ದೇಶದವರು ಇದನ್ನು ಹೇಗೆ ಮಾಡುತ್ತಾರೆಂದು ನೋಡಿದೆ. ಉಕ್ರೇನಿನವರು ವೋಡ್ಕಾದಂಥ ತಮ್ಮ ಹೊರಿಲ್ಕಾದಲ್ಲಿ ಜೇನು ಮತ್ತು ಇಡೀ ಕೆಂಪು ಮೆಣಸಿನಕಾಯಿ ನೆನೆಸುತ್ತಾರೆ. ಕ್ಯಾಲಿಫೋರ್ನಿಯಾದ ಸೇಂಟ್ ಜಾರ್ಜ್ ಸ್ಪಿರಿಟ್ಸ್‌ನವರು ತಮ್ಮ ಹಸಿಮೆಣಸಿನಕಾಯಿ ವೋಡ್ಕಾಕ್ಕೆ ಕೆಲವು ಪದಾರ್ಥಗಳನ್ನು ನೆನೆಸಿ, ಕೆಲವನ್ನು ಭಟ್ಟಿ ಇಳಿಸಿ, ಆಮೇಲೆ ಬೆರೆಸುತ್ತಾರೆ. ಅಷ್ಟು ದೂರ ಹೋಗಬೇಕಿಲ್ಲ, ಗೋವೆಯವರೇ ಫೆನಿಯಲ್ಲಿ ನಾಮದ ಬೇರನ್ನು ನೆನೆಸಿ ದುಕ್ಷಿರಿ ಎಂಬ ಪೇಯವನ್ನು ಹಿಂದಿನಿಂದಲೂ ಮಾಡುತ್ತ ಬಂದಿದ್ದಾರೆ.

ಘಮದ ಕೆಲಸಕ್ಕೆ ನಮಗೆ ಎರಡು ಹಂಗಾಮು ಹಿಡಿಯಿತು. ಮೆಣಸಿನಕಾಯಿಯನ್ನು ದ್ರವದಲ್ಲಿ ಕುದಿಸಿದರೆ ಬೆಂದ ವಾಸನೆ ತಪ್ಪುವುದಿಲ್ಲವೆಂದು ತಿಳಿದ ಮೇಲೆ, ಹಂಡೆಯ ಕೊರಳಿನಲ್ಲಿ ತೂತು ತೂತಾದ ತಾಮ್ರದ ಬುಟ್ಟಿಯೊಂದನ್ನು ಕೂಡಿಸಿ, ಒಣ ಕಾಯಿಯನ್ನು ಸೀಳಿ, ಬೀಜ ಮತ್ತು ಒಳಗಿನ ಬಿಳಿ ದಿಂಡನ್ನು ತೆಗೆದು, ಬರೀ ಸಿಪ್ಪೆಯನ್ನು ಅದರಲ್ಲಿ ಸಡಿಲವಾಗಿ ತುಂಬಿದೆವು. ಆವಿ ಸಿಪ್ಪೆಯ ನಡುವೆ ಹಾಯ್ದು ಹೋಗುತ್ತದೆ, ಸಿಪ್ಪೆ ಬೇಯುವುದಿಲ್ಲ. 2024ರಲ್ಲಿ ಹೀಗೆ ಇಳಿಸಿದ ಮೊದಲ ಬಾಟಲಿಯ ಬಿರಡೆ ತೆಗೆದಾಗ ಬಂದ ಘಮವನ್ನು ನಾನು ಮರೆಯಲಾರೆ. ಏಪ್ರಿಲ್ ತಿಂಗಳಲ್ಲಿ, ಸಂಕೇಶ್ವರದ ಪೇಟೆಯಲ್ಲಿ ಖಾರ ಕುಟ್ಟುವ ಗಿರಣಿಯ ಮುಂದೆ ಹಾಯ್ದರೆ, ಹುರಿದ ಕೊತ್ತಂಬರಿ ಬೀಜದ ಪಾಳಿ ಇನ್ನೂ ಬರುವುದರೊಳಗೆ, ಬರೀ ಮೆಣಸಿನಕಾಯಿ ಕುಟ್ಟುವಾಗ ಏಳುವ ವಾಸನೆ ಅದು: ಒಣದ್ರಾಕ್ಷಿಯ ಸಿಹಿ, ಹುಣಸೆಯ ಅಂಚು, ಬಿಸಿಲಿಗೆ ಕಾದ ಗೋಣಿಚೀಲ. ಅದರಲ್ಲಿ ಖಾರವಿಲ್ಲ, ಆದರೆ ಮೂಸಿದವರೆಲ್ಲ ಖಾರ ಬಂತೆಂದು ಒಮ್ಮೆ ಹಿಂದೆ ಸರಿಯುತ್ತಾರೆ. ಮೂಗಿಗೆ ಅಷ್ಟು ಅಭ್ಯಾಸ.

ಹಣ್ಣು ಮೆಣಸಿನಕಾಯಿಯನ್ನು ಬೇರೆಯಾಗಿ ಇಳಿಸಿದಾಗ ಕೆಂಪು ಚಟ್ನಿ ರುಬ್ಬುವಾಗಿನ ಹಸಿ ಘಮ ಬಂತು. ಅದನ್ನು ಹತ್ತಕ್ಕೆ ಒಂದು ಪಾಲಿನಷ್ಟು ಬೆರೆಸಿಕೊಳ್ಳುತ್ತೇವೆ. ಹಸಿರು ಕಾಯಿಯನ್ನು ಮಾತ್ರ ಬಿಟ್ಟೆವು. ಹಸಿರು ವಾಸನೆಗೆ ಕಾರಣವಾದ ಪೈರಜಿನ್ ಜಾತಿಯ ವಸ್ತುವೊಂದು ಒಂದು ಲಕ್ಷ ಕೋಟಿ ಭಾಗ ನೀರಿನಲ್ಲಿ ಎರಡು ಭಾಗವಿದ್ದರೂ ಮನುಷ್ಯನ ಮೂಗು ಹಿಡಿಯುತ್ತದೆಯಂತೆ. ನಮ್ಮ ಅನುಭವವೂ ಅದೇ, ಒಂದು ಹಿಡಿ ಹಸಿರು ಕಾಯಿ ಬಿದ್ದರೆ ಬೆಲ್ಲವೂ ಇಲ್ಲ, ಸಂಕೇಶ್ವರಿಯೂ ಇಲ್ಲ.

ಖಾರದ ದಾರಿ ನೆನೆಸುವುದು. ಖಾರ ಇರುವುದು ಬೀಜದಲ್ಲಿ ಎಂದು ನಾವೆಲ್ಲ ಹೇಳುತ್ತೇವೆ, ಅದು ಸರಿಯಲ್ಲ. ಬೀಜ ಅಂಟಿಕೊಂಡಿರುವ ಬಿಳಿ ದಿಂಡಿನಲ್ಲಿ ಅದು ತಯಾರಾಗಿ, ಬೀಜಕ್ಕೆ ಮೆತ್ತಿಕೊಂಡಿರುತ್ತದೆ. ಖಾರ ನೀರಿನಲ್ಲಿ ಕರಗುವುದಿಲ್ಲವೆಂದೇ ಹೇಳಬೇಕು, ಮದ್ಯಸಾರದಲ್ಲಿ ಚೆನ್ನಾಗಿ ಕರಗುತ್ತದೆ. ಆದ್ದರಿಂದ ಮೊದಲು ತೆಗೆದಿಟ್ಟ ದಿಂಡುಗಳನ್ನೇ ಶೇ. 60ರ ಮದ್ಯಸಾರದಲ್ಲಿ ಮೂರು ತಾಸು ನೆನೆಸಿ, ಬಟ್ಟೆಯಲ್ಲಿ ಸೋಸಿ, ಖಾರದ ಅರ್ಕವನ್ನು ಬೇರೆ ಜಾಡಿಯಲ್ಲಿ ಇಟ್ಟುಕೊಳ್ಳುತ್ತೇವೆ. ಒಮ್ಮೆ ರಾತ್ರಿಯಿಡೀ ಬಿಟ್ಟಿದ್ದಕ್ಕೆ ಕಹಿ ಇಳಿದು ಇಡೀ ಜಾಡಿ ಹಾಳಾಯಿತು. ಇನ್ನೊಮ್ಮೆ ಸಿಪ್ಪೆಯನ್ನೂ ಸೇರಿಸಿ ನೆನೆಸಿ ಕುಂಕುಮದಂಥ ಬಣ್ಣ ಬರಿಸಿ ಹಿಗ್ಗಿದ್ದೆ, ಕಿಟಕಿಯ ಬಿಸಿಲಿಗಿಟ್ಟ ಬಾಟಲಿ ಎರಡು ತಿಂಗಳಲ್ಲಿ ಬಿಳಿಚಿಕೊಂಡಿತು. ಈಗ ಬಣ್ಣದ ಆಸೆ ಬಿಟ್ಟಿದ್ದೇವೆ, ನಮ್ಮದು ತಿಳಿಯಾದ ಮದ್ಯ.

ಆದರೆ ಗಿಡದಿಂದ ಗಿಡಕ್ಕೆ, ಬಿಡಿಸಿದ ವಾರದಿಂದ ವಾರಕ್ಕೆ ಖಾರ ಬದಲಾಗುತ್ತದೆ. ನೀರು ಕಡಿಮೆಯಾದ ಬದುವಿನ ಗಿಡದ ಕಾಯಿ ಕಾಲುವೆ ಮಗ್ಗುಲಿನದಕ್ಕಿಂತ ಖಾರ. ಇದನ್ನು ಅಳೆಯಲು ನಾವು ಹಳೆಯ ಪದ್ಧತಿಯನ್ನೇ ಅನುಸರಿಸುತ್ತೇವೆ. ಅಮೆರಿಕದ ವಿಲ್ಬರ್ ಸ್ಕೋವಿಲ್ 1912ರಲ್ಲಿ ಮೆಣಸಿನಕಾಯಿಯನ್ನು ಮದ್ಯಸಾರದಲ್ಲಿ ನೆನೆಸಿ, ಆ ಅರ್ಕಕ್ಕೆ ಸಕ್ಕರೆನೀರು ಬೆರೆಸುತ್ತ ಹೋಗಿ, ರುಚಿ ನೋಡುವವರಿಗೆ ಉರಿ ಗೊತ್ತಾಗದಂತಾಗುವುದಕ್ಕೆ ಎಷ್ಟು ಪಟ್ಟು ಬೆರೆಸಬೇಕಾಯಿತೆಂದು ಎಣಿಸಿದ. ಇಂದು ಪ್ರಯೋಗಾಲಯಗಳಲ್ಲಿ ಯಂತ್ರವೇ ಲೆಕ್ಕ ಕೊಡುತ್ತದೆ. ನಾವು ಐದು ಜನ ಕೂತು, ಪ್ರತಿ ಜಾಡಿಯಿಂದ ಒಂದೊಂದು ಮಿಲಿಲೀಟರ್ ತೆಗೆದು, ಸಕ್ಕರೆನೀರಿನಲ್ಲಿ ಬೆರೆಸಿ, ಐವರಲ್ಲಿ ಮೂವರಿಗೆ ಉರಿ ತಾಕಿದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂದು ಬರೆದುಕೊಳ್ಳುತ್ತೇವೆ. ಒಂದು ಜಾಡಿಯ ನಂತರ ಅರ್ಧ ತಾಸು ಬಿಡುವು, ಮಜ್ಜಿಗೆ. ದಿನಕ್ಕೆ ಆರು ಜಾಡಿಗಿಂತ ಹೆಚ್ಚು ನೋಡಲಾಗುವುದಿಲ್ಲ. ನಿಧಾನದ ಕೆಲಸ, ಆದರೆ ಈ ಕೆಲಸದಲ್ಲಿ ಅವಸರ ಮಾಡಿದಾಗಲೆಲ್ಲ ನಾನು ಸೋತಿದ್ದೇನೆ.

ಕೊನೆಗೆ ಘಮದ ಮದ್ಯಕ್ಕೆ ಖಾರದ ಅರ್ಕವನ್ನು ಅಳೆದು ಸೇರಿಸಿ, ನೀರು ಬೆರೆಸಿ ಶೇ. 42.8ಕ್ಕೆ ತರುತ್ತೇವೆ. ನೀರನ್ನು ಒಮ್ಮೆಲೇ ಸುರಿದರೆ ಕರಗಿದ್ದ ಎಣ್ಣೆಯ ಅಂಶ ಹೊರಬಿದ್ದು ಮದ್ಯ ಗಂಜಿಯಂತೆ ಮಸುಕಾಗುತ್ತದೆ. ಅದಕ್ಕೆ ಎಂಟು ಹತ್ತು ದಿನ ದಿನಕ್ಕಿಷ್ಟು ಎಂದು ಬೆರೆಸುತ್ತೇವೆ. ಖಾರ ಎಷ್ಟಿರಬೇಕು ಎಂಬ ಬಗ್ಗೆ ಯಜಮಾನರಿಗೂ ನನಗೂ ಇನ್ನೂ ಭಿನ್ನಾಭಿಪ್ರಾಯವಿದೆ. ಮೆಣಸಿನಕಾಯಿಯ ಹೆಸರಿದ್ದ ಮೇಲೆ ನೆತ್ತಿಗೆ ಹತ್ತಬೇಕೆಂಬುದು ಅವರ ವಾದ. ಮೊದಲು ಘಮ ಬರಬೇಕು, ನುಂಗಿದ ಮೇಲೆ ಗಂಟಲಿನಲ್ಲಿ ಖಾರ ಬೆಚ್ಚಗೆ ಏಳಬೇಕು, ಒಳ್ಳೆಯ ಝುಣಕದ ತುತ್ತಿನಲ್ಲಿ ಆಗುವಂತೆ, ಎಂಬುದು ನನ್ನದು. ಉರಿಸುವುದಕ್ಕೆ ಯಾವ ಕಾಯಿಯಾದರೂ ಸಾಕು. ಸಂಕೇಶ್ವರಿಯ ಘಮ ಸಂಕೇಶ್ವರಿಗೆ ಮಾತ್ರ ಇದೆ.

ಈ ಕೆಲಸ ಹೊಲದಲ್ಲಿಯೂ ನನ್ನನ್ನು ಬದಲಾಯಿಸಿತು. 2021ರಲ್ಲಿ ಹೊಸ ಜಾತಿಯ ಕಪ್ಪು ಥ್ರಿಪ್ಸ್ ನುಸಿ ಆಂಧ್ರ, ತೆಲಂಗಾಣ, ಕರ್ನಾಟಕದ ಮೆಣಸಿನ ಬೆಳೆಯ ಹೂವಿಗೇ ಬಿದ್ದು ಅಪಾರ ನಷ್ಟವಾಗಿತ್ತು. ಆ ಹೆದರಿಕೆಯಲ್ಲಿ ನಾನೂ ವಾರಕ್ಕೊಮ್ಮೆ ಔಷಧಿ ಹೊಡೆದವನೇ. ಮದ್ಯಸಾರ ಖಾರವನ್ನು ಎಳೆದುಕೊಳ್ಳುವಂತೆಯೇ ಸಿಪ್ಪೆಗೆ ಹತ್ತಿದ ಔಷಧಿಯನ್ನೂ ಎಳೆದುಕೊಳ್ಳುತ್ತದೆ ಎಂದು ಅರಿವಾದ ಮೇಲೆ ಕೈ ನಡುಗಿತು. ಈಗ ಭಟ್ಟಿಗೆಂದು 10 ಗುಂಟೆ ಬೇರೆ ಬಿಟ್ಟಿದ್ದೇನೆ. ಅಲ್ಲಿ ನೀಲಿ ಅಂಟುಹಾಳೆ, ಬೇವಿನ ಎಣ್ಣೆ, ಸುತ್ತಲೂ ಎರಡು ಸಾಲು ಜೋಳ. ಎಲೆ ಮುರುಟಿದ ಗಿಡವನ್ನು ಕಿತ್ತು ಸುಡುತ್ತೇವೆ. ಇಳುವರಿ ಮೊದಲಿನ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ಸುತ್ತಲಿನ ಹೊಲಗಳಲ್ಲಿ ಹೈಬ್ರಿಡ್ ಇರುವುದರಿಂದ, ದುಂಬಿ ಅಲ್ಲಿಯ ಪರಾಗವನ್ನು ತಂದು ಬೀಜ ಕೆಡಿಸಬಾರದೆಂದು, ಬೀಜಕ್ಕೆ ಬಿಟ್ಟ ಹನ್ನೆರಡು ಗಿಡಗಳಿಗೆ ಹೂ ಬಿಡುವ ಮೊದಲೇ ಹಳೆಯ ಸೊಳ್ಳೆಪರದೆ ಹೊದಿಸಿ ಕಟ್ಟುತ್ತೇವೆ. ಹೊಲದ ನಡುವೆ ಮಂಚ ಹಾಕಿ ಯಾರೋ ಮಲಗಿದಂತೆ ಕಾಣುತ್ತದೆಂದು ದಾರಿಹೋಕರು ನಿಂತು ಕೇಳುತ್ತಾರೆ.

ರೈತ ಗೆಳೆಯರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಇದರಿಂದ ಮೆಣಸಿನಕಾಯಿಗೆ ದೊಡ್ಡ ಗಿರಾಕಿ ಸಿಗುತ್ತಾನೆ ಎಂದು ನಂಬಬೇಡಿ. 180 ಕೆ.ಜಿ. ಬೆಲ್ಲದಿಂದ, ಮೊದಲ ಧಾರೆ ಮತ್ತು ಕೊನೆಯ ಧಾರೆ ಕಳೆದು, ನಮಗೆ 750 ಮಿಲಿಲೀಟರಿನ 200 ಬಾಟಲಿ ಸಿಗುತ್ತವೆ. ಅಷ್ಟಕ್ಕೆ ಬೇಕಾಗುವ ಒಣ ಮೆಣಸಿನಕಾಯಿ 6 ಕೆ.ಜಿ. ಮಾತ್ರ. ವರ್ಷಕ್ಕೆ ಆರು ಸಲ ಇಳಿಸಿದರೂ 36 ಕೆ.ಜಿ. ಆಯಿತು. ನಮ್ಮ ಉಳಿದ ಬೆಳೆ ಇಂದಿಗೂ ಗಡಹಿಂಗ್ಲಜಕ್ಕೇ ಹೋಗುತ್ತದೆ. ಲಾಭವೇನಾದರೂ ಇದ್ದರೆ ಅದು ಬೆಲ್ಲಕ್ಕೆ, ಮತ್ತು ಜವಾರಿ ಬೀಜವನ್ನು ಕಟ್ಟುನಿಟ್ಟಾಗಿ ಉಳಿಸಿಕೊಳ್ಳಲು ಸಿಕ್ಕ ಒಂದು ನೆಪಕ್ಕೆ. ಹಾಕಿದ ಹಣದಲ್ಲಿ ಇನ್ನೂ ಕಾಲುಭಾಗವೂ ಮರಳಿಲ್ಲ. ಸದ್ಯಕ್ಕೆ ಮಾರಾಟ ಗೋವೆಯೊಳಗೆ ಮಾತ್ರ. ಕರ್ನಾಟಕಕ್ಕೆ ತರಬೇಕಾದರೆ ಲೇಬಲಿನ ಒಪ್ಪಿಗೆ, ಆಮದಿನ ಪರವಾನಗಿ, ಸುಂಕ ಎಲ್ಲವೂ ಮತ್ತೆ ಮೊದಲಿನಿಂದ ಆಗಬೇಕು. ಮದ್ಯಪಾನ ಆರೋಗ್ಯಕ್ಕೆ ಹಾನಿಕರ ಎಂಬ ಎಚ್ಚರಿಕೆಯನ್ನು ಆಹಾರ ಸುರಕ್ಷತಾ ನಿಯಮಗಳು ಬಾಟಲಿಯ ಮೇಲೆ ಕಡ್ಡಾಯ ಮಾಡಿವೆ. ನಮ್ಮ ಲೇಬಲಿನಲ್ಲಿ ನಾನು ಅದನ್ನು ನಿಯಮ ಕೇಳುವುದಕ್ಕಿಂತ ದೊಡ್ಡ ಅಕ್ಷರದಲ್ಲಿ ಹಾಕಿಸಿದ್ದೇನೆ. ದೊಡ್ಡಪ್ಪನನ್ನು ಕಂಡವನಿಗೆ ಅದು ಬರೀ ಕಾನೂನಿನ ಸಾಲಲ್ಲ.

ಈ ವರ್ಷದ ಕಾಯಿ ಜನವರಿಯಲ್ಲಿ ಬಿಡಿಸಿ ಮುಗಿಯಿತು. ನೆಲದ ತೇವಕ್ಕೆ ಬೂಸು ಹಿಡಿಯಬಾರದೆಂದು ಭಟ್ಟಿಯ ಪಾಲನ್ನು ಜಾಳಿಗೆಯ ಮಂಚದ ಮೇಲೆ, ಮನೆಯ ಪಾಲನ್ನು ಎಂದಿನಂತೆ ಕಣದಲ್ಲಿ ಒಣಗಿಸಿದೆವು. ಮೊನ್ನೆ ಅಂಗಳದಲ್ಲಿ ಎರಡು ರಾಶಿ ಹಾಕಿಕೊಂಡು ಎಲ್ಲರೂ ತೊಟ್ಟು ಮುರಿಯುತ್ತಿದ್ದೆವು. ಅವ್ವ ಮನೆಯ ರಾಶಿಯ ಮುಂದೆ ಕೂತಿದ್ದಳು, ನನ್ನ ರಾಶಿಯ ಕಡೆಗೆ ಆಕೆ ಕೈಚಾಚುವುದಿಲ್ಲ. ನಾನು ಮೂರನೆಯ ಚೀಲ ಬಿಚ್ಚಿ ಸುರಿದಾಗ ಗಾಳಿ ಆಕೆಯ ಕಡೆಗೆ ಬೀಸಿತು. ಕೈ ನಿಲ್ಲಿಸಿ, ಎದ್ದು ಬಂದು, ರಾಶಿಯ ಅಡಿಯಿಂದ ಒಂದು ಕಾಯಿ ತೆಗೆದು, ನಡುವಿಗೆ ಮುರಿದು ಮೂಗಿಗೆ ಹಿಡಿದಳು.

“ಇದಕ್ಕ ಇಬ್ಬನಿ ಹೊಡದೈತಿ. ನಿನ್ನ ಕೆಲಸಕ್ಕ ಬರೂದಿಲ್ಲ, ತಗಿ.”

ನಾನು ಮೂಸಿ ನೋಡಿದೆ, ನನಗೆ ಏನೂ ಗೊತ್ತಾಗಲಿಲ್ಲ. ಆ ಚೀಲವನ್ನು ಬೇರೆ ತೆಗೆದಿಟ್ಟು, ಉಳಿದ ನಾಲ್ಕು ಚೀಲಗಳನ್ನು ಒಂದೊಂದಾಗಿ ಆಕೆಯ ಮುಂದೆ ಬಿಚ್ಚಿದೆ.